ಚಿಲಕ ಬಿಚ್ಚಿ ಕಿಟಕಿ ಹತ್ತುವವಳು

ನಮ್ಮ ಅಣ್ಣನ ಎಡಗಣ್ಣು ತೆಗೆದವಳು ನಮ್ಮ ಅತ್ತಿಗೆ. ಕೇಳಿದವರು ‘ಅಯ್ಯೋ ಪಾಪ’ ಅನ್ನುತ್ತಾರೆ. ಪಾಪ ಯಾರದು ಅನ್ನುವುದನ್ನು ಆಮೇಲೆ ತೀರ್ಮಾನಿಸಿ, ಮೊದಲು ಪೂರ್ತಿ ಕೇಳಿ.

ಅತ್ತಿಗೆ ಈಗ ಕಂಡವರ ಮನೆಯ ಕಿಟಕಿಗಳನ್ನು ಹೊರಗಿನಿಂದ ತೊಳೆದು ಬದುಕುತ್ತಾಳೆ. ನಾನು ಅವಳ ಜೊತೆಗಾರ್ತಿ. ಅವಳು ಹೊರಗೆ, ನಾನು ಒಳಗೆ, ಅವಳ ಸೊಂಟದ ಹಗ್ಗ ನನ್ನ ಕೈಯಲ್ಲಿ. ಅವಳದೊಂದು ಹಠವಿದೆ. ಸ್ಕ್ರೂಡ್ರೈವರ್ ತೆಗೆದು ಕಿಟಕಿಯ ಚಿಲಕ ಬಿಚ್ಚಿ ಜೇಬಿಗೆ ಹಾಕಿಕೊಳ್ಳದೆ ಹೊರಗೆ ಕಾಲಿಡುವವಳಲ್ಲ. ಮೊನ್ನೆ ಒಬ್ಬ ಯಜಮಾನರು, “ಅಲ್ಲಮ್ಮ, ಕಿಟಕಿ ತೊಳೆಯೋಕೆ ಬಂದ್ಯೋ, ಬಿಚ್ಕೊಂಡು ಹೋಗೋಕೆ ಬಂದ್ಯೋ?” ಎಂದು ನಕ್ಕರು. ಅತ್ತಿಗೆ ನಗಲಿಲ್ಲ. ಅವಳಿಗೆ ಚಿಲಕದಕ್ಕ ಅಂತಲೇ ಹೆಸರು ಬಿದ್ದುಬಿಟ್ಟಿದೆ.

ಅಣ್ಣನಿಗೆ ಕೋಪ ಮೂಗಿನ ತುದಿಯಲ್ಲೇ. ಆಫೀಸಿನಲ್ಲಿ ಮೇಲಿನವರು ಬೈದರೆ ಮನೆಯಲ್ಲಿ ಅತ್ತಿಗೆಯ ಬೆನ್ನಿಗೆ ಬಾಸುಂಡೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಹಾಗೆ. ಊಟ ಆರಿದ್ದರೆ ತಟ್ಟೆ ಗೋಡೆಗೆ, ಬಿಸಿಯಿದ್ದರೆ ಅವಳ ಮೈಮೇಲೆ. ಅಮ್ಮನದು ಒಂದೇ ಮಂತ್ರ: “ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ.” ಅವನು ಉಂಡು ಮಲಗಿದ ಮೇಲೂ ಎದ್ದು ಹೊಡೆಯುತ್ತಿದ್ದ. ಅದಕ್ಕೆ ಯಾವ ಗಾದೆಯಿದೆಯೋ ನಾನರಿಯೆ.

ಆ ದಿನ ಅವನ ಮೇಲಧಿಕಾರಿ ಮಧ್ಯಾಹ್ನದ ಊಟಕ್ಕೆ ಬರುವವರಿದ್ದರು. ಬೆಳಗಿನಿಂದ ಮನೆ ತಲೆಕೆಳಗು. ಮುಂದಿನ ಕೋಣೆಯ ದೊಡ್ಡ ಕಿಟಕಿಗೆ ಬೆರಳು ಮಾಡಿ ಅಣ್ಣ, “ಒಳಗಿಂದ ಒರೆಸಿದ್ರೆ ಏನ್ ಬಂತು? ಹೊರಗಡೆ ನೋಡು, ಬರೀ ಪಾರಿವಾಳದ ಹಿಕ್ಕೆ. ಹೊರಗೆ ಹೋಗಿ ತೊಳಿ,” ಅಂದ. ಅಂದವನು ಅವನೇ, ಇದು ನೆನಪಿರಲಿ.

ನಮ್ಮದು ಮೂರನೇ ಮಹಡಿ. ಪಕ್ಕಕ್ಕೆ ಸರಿಸುವ ಗಾಜಿನ ಕಿಟಕಿ, ಕಂಬಿಗಳಿಲ್ಲ. ಹೊರಗೆ ಒಂದು ಪಾದ ಹಿಡಿಸುವಷ್ಟು ಸಿಮೆಂಟಿನ ಅಂಚು, ಪಕ್ಕದಲ್ಲಿ ಮಳೆನೀರಿನ ಪೈಪು. ಅತ್ತಿಗೆ ಉಟ್ಟಿದ್ದನ್ನು ಮೊಣಕಾಲಿಗೆ ಎತ್ತಿ ಸಿಕ್ಕಿಸಿಕೊಂಡು ಹೊರಗಿಳಿದಳು. ಕಬ್ಬಿಣದ ಬಕೆಟ್ಟನ್ನು ಅಂಚಿನ ಮೇಲಿಟ್ಟು, ಒಂದು ಕೈಯಲ್ಲಿ ಚೌಕಟ್ಟು ಹಿಡಿದು, ಇನ್ನೊಂದರಲ್ಲಿ ಉಜ್ಜತೊಡಗಿದಳು. ಆಗ ಹಗ್ಗಗಿಗ್ಗ ಏನೂ ಇರಲಿಲ್ಲ. ನಾನು ಒಳಗೆ ನಿಂತು ಒಣಬಟ್ಟೆ ಕೊಡುತ್ತಿದ್ದೆ.

ಅಣ್ಣ ಸ್ನಾನ ಮುಗಿಸಿ ಬಂದು ಕೆಳಗೆ ಬಗ್ಗಿ ನೋಡಿದ. ಎದುರಿನ ದರ್ಜಿ ಅಂಗಡಿಯ ಮುಂದೆ ನಾಲ್ಕಾರು ಜನ ತಲೆಯೆತ್ತಿ ನಿಂತಿದ್ದರು. ಅಷ್ಟೆತ್ತರದಲ್ಲಿ ಒಬ್ಬ ಹೆಂಗಸು ನೇತಾಡುತ್ತಿದ್ದರೆ ಯಾರು ತಾನೇ ನೋಡುವುದಿಲ್ಲ?

“ಬೀದಿಗೆಲ್ಲ ಕಾಲು ತೋರಿಸ್ತಾ ನಿಂತಿದ್ದೀಯೇನೇ?”

“ನೀವೇ ಹೇಳಿದ್ರಲ್ಲ, ಹೊರಗೆ ಹೋಗಿ ತೊಳಿ ಅಂತ,” ಅಂದಳು ಅತ್ತಿಗೆ.

“ಎದುರು ಮಾತಾಡ್ತೀಯಾ? ಹಾಗಾದ್ರೆ ಅಲ್ಲೇ ನಿಂತ್ಕೋ. ಊರೆಲ್ಲ ನೋಡ್ಲಿ.”

ಕಿಟಕಿಯನ್ನು ರಪ್ಪನೆ ಎಳೆದ. ಚೌಕಟ್ಟಿನಲ್ಲಿ ಅವಳ ಬಲಗೈ ಇತ್ತು. ಬೆರಳು ನುರಿದ ಸದ್ದು ನನಗೆ ಕೇಳಿಸಿತು. ಅವಳು ಕಿರುಚಿ ಕೈ ಕಿತ್ತುಕೊಂಡಳು, ಒಂದು ಉಗುರು ಚೌಕಟ್ಟಿನಲ್ಲೇ ಉಳಿಯಿತು. ಅವನು ಪೂರ್ತಿ ಮುಚ್ಚಿ ಚಿಲಕ ಹಾಕಿದ.

ಕಾಲಡಿಯಲ್ಲಿ ಸೋಪಿನ ನೀರು, ಹಿಡಿಯಲು ಪೈಪೊಂದೇ. ಎಡಗೈಯಿಂದ ಅದನ್ನು ತಬ್ಬಿದಳು. ಪೈಪಿನ ಮೊಳೆಗಳು ಸಡಿಲ. ಅವಳು ಉಸಿರೆಳೆದಾಗಲೆಲ್ಲ ಅದು ಗೋಡೆ ಬಿಟ್ಟು ಈಚೆ ಬರುತ್ತಿತ್ತು.

“ಅಣ್ಣಾ, ತೆಗಿಯೋ! ಬಿದ್ದು ಸತ್ತೋಗ್ತಾಳೋ!” ಎಂದು ನಾನು ಚಿಲಕಕ್ಕೆ ಕೈಹಾಕಿದೆ. ಮೊಣಕೈಯಿಂದ ಬಾಯಿಗೆ ಗುದ್ದಿದ. ಮುಂದಿನ ಹಲ್ಲು ಕಳಚಿ ನಾಲಿಗೆಯ ಮೇಲೆ ಬಂತು. ಉಗಿದು ಮತ್ತೆ ಹೋದೆ. ಜುಟ್ಟು ಹಿಡಿದು ನನ್ನ ತಲೆಯನ್ನು ಗೋಡೆಗೆ ಬಡಿದ. ಅವನ ಕೈ ಕಚ್ಚಿದೆ, ರಕ್ತ ಬರುವ ಹಾಗೆ ಕಚ್ಚಿದೆ. ಹೊಟ್ಟೆಗೆ ಒದ್ದ. ಹೋಗಿ ಬಿದ್ದದ್ದು ಅಮ್ಮನ ಕಾಲ ಬಳಿ. ಅವಳು ಸೌಟು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

“ಮಗಾ, ಸಾಹೇಬ್ರು ಬರೋ ಹೊತ್ತಾಯ್ತು,” ಅಂದಳು. ಹೆತ್ತ ತಾಯಿ ಅಂದದ್ದು ಅಷ್ಟೇ.

ಅಣ್ಣ ಚಿಲಕದ ಮೇಲೆ ಕೈಯಿಟ್ಟು ಗಾಜಿಗೆ ಮುಖ ಒತ್ತಿ ಹಲ್ಲು ಕಿರಿದ. “ತಪ್ಪಾಯ್ತು ಅನ್ನು, ತೆಗೀತೀನಿ.” ಗಾಜು ಅವಳೇ ತೊಳೆದದ್ದು, ಅವನ ಹಲ್ಲು ಒಂದೊಂದೂ ಅವಳಿಗೆ ಕಂಡಿರಬೇಕು. ಅವಳ ತುಟಿ ಅಲುಗಿತು. ಏನಂದಳೋ ಕೇಳಿಸಲಿಲ್ಲ, ತಪ್ಪಾಯ್ತು ಅಂತಂತೂ ಅನ್ನಲಿಲ್ಲ. ಅಷ್ಟರಲ್ಲಿ ಪೈಪಿನ ಮೇಲಿನ ಮೊಳೆ ಕಿತ್ತು ಕೆಳಗೆ ಬಿತ್ತು. ಜಜ್ಜಿದ ಬಲಗೈಯಲ್ಲೇ ಬಕೆಟ್ಟು ಎತ್ತಿದಳು. ನೀರು ಸಮೇತ ಆ ನಗುವಿನ ಮೇಲೆ ಬೀಸಿದಳು.

ಗಾಜು ಪುಡಿಪುಡಿ. ಅಣ್ಣ ಮುಖ ಮುಚ್ಚಿಕೊಂಡು ಕೂಗಿದ ಕೂಗು ಬೀದಿಯ ತುದಿಗೂ ಕೇಳಿಸಿತಂತೆ. ಚೌಕಟ್ಟಿನಲ್ಲಿ ನಿಂತಿದ್ದ ಚೂರುಗಳ ಮೇಲೆಯೇ ಮೊಣಕಾಲೂರಿ ಅತ್ತಿಗೆ ಒಳಗೆ ಬರತೊಡಗಿದಳು. ಅವನು ತಡಕಾಡಿ ಅವಳ ಭುಜ ಹಿಡಿದ. ಒಳಗೆ ಎಳೆಯುವುದಕ್ಕಲ್ಲ, ಹೊರಕ್ಕೆ ನೂಕುವುದಕ್ಕೆ! ಬಕೆಟ್ಟು ಇನ್ನೊಮ್ಮೆ ಬಿತ್ತು, ಈ ಸಲ ಅವನ ಮಣಿಕಟ್ಟಿಗೆ. ಕುಸಿದು ಕೂತ. ಒಳಗೆ ಬಂದು ನಿಂತವಳು ಮೂರನೆಯ ಸಲವೂ ಎತ್ತಿದಳು. ಸಾಕು ಅತ್ತಿಗೆ ಅಂತ ನಾನು ಅನ್ನಲಿಲ್ಲ. ನನಗೆ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ? ಅವಳೇ ಒಂದು ಗಳಿಗೆ ಅವನನ್ನು ನೋಡಿ ಬಕೆಟ್ಟನ್ನು ಕೆಳಗಿಟ್ಟಳು.

ಅಮ್ಮ ಓಡಿಬಂದು ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. “ಗಂಡನ ಕಣ್ಣು ಕಿತ್ತವಳೇ, ನಿನ್ನ ಮನೆ ಹಾಳಾಗ!”

“ಹಾಳಾಗಿದ್ದಕ್ಕೇ ಹೊರಟಿದ್ದು, ಅತ್ತೆ,” ಅಂದಳು ಅತ್ತಿಗೆ. ನನ್ನ ಕೈ ಹಿಡಿದು ಹೊರಗೆಳೆದುಕೊಂಡು ಬಂದು, ಬಾಗಿಲಿನ ಹೊರಗಿನ ಚಿಲಕ ಹಾಕಿದಳು.

ಮೆಟ್ಟಿಲಲ್ಲಿ ಸಾಹೇಬರು ಎದುರಾದರು, ಕೈಯಲ್ಲಿ ಹೂಗುಚ್ಛ. ನಮ್ಮಿಬ್ಬರ ರಕ್ತ ನೋಡಿ ಗೋಡೆಗೆ ಅಂಟಿಕೊಂಡರು. “ಒಳಗಿದ್ದಾರೆ ಸಾರ್, ಚಿಲಕ ತೆಗೆದು ಹೋಗಿ,” ಅಂದಳು ಅತ್ತಿಗೆ. “ಕಿಟಕಿ ನೋಡಿ ಹಾಗೇ. ಎಷ್ಟು ಚೆನ್ನಾಗಿ ತೊಳೆದಿದ್ದೀನಿ ಅಂದ್ರೆ, ಗಾಜು ಇದೆ ಅಂತಾನೇ ಗೊತ್ತಾಗಲ್ಲ.”

ಕಣ್ಣು ಉಳಿಯಲಿಲ್ಲ. ಠಾಣೆಯಲ್ಲಿ ಕೇಳಿದಾಗ ದರ್ಜಿ ಕೆಳಗಿನಿಂದ ಕಂಡದ್ದನ್ನು ಕಂಡ ಹಾಗೆ ಹೇಳಿದ, ಪುಣ್ಯಾತ್ಮ. ನಾನು ಮತ್ತೆ ಆ ಮನೆಗೆ ಹೋಗಲಿಲ್ಲ. ಅತ್ತಿಗೆಯ ಬಲಗೈಯ ಎರಡು ಬೆರಳು ಇವತ್ತಿಗೂ ಮಡಚುವುದಿಲ್ಲ. ಆ ಬೆರಳಲ್ಲಿ ತಿರುಪು ಬಿಚ್ಚುವುದೆಂದರೆ ಹೊತ್ತು ಹಿಡಿಯುತ್ತದೆ.

ಮೊನ್ನೆ ಆ ಯಜಮಾನರು ನಕ್ಕಾಗ ನನಗೆ ರೇಗಿತು. ಅವರು ಅತ್ತ ಹೋದ ಮೇಲೆ, “ನಾನು ಒಳಗೇ ಇರ್ತೀನಲ್ಲ ಅತ್ತಿಗೆ! ದಿನಾ ಈ ಕರ್ಮ ಯಾಕೆ? ನನ್ನ ಮೇಲೂ ನಂಬಿಕೆ ಇಲ್ವಾ? ನಿನಗೋಸ್ಕರ ಹಲ್ಲು ಕಳ್ಕೊಂಡವಳು ನಾನು,” ಅಂದೆ.

ಅವಳು ಚಿಲಕವನ್ನು ಜೇಬಿಗಿಳಿಸಿ ನನ್ನ ಕೆನ್ನೆ ತಟ್ಟಿದಳು.

“ನಿನ್ನ ಮೇಲೆ ನಂಬಿಕೆ ಇಲ್ದೆ ಏನು, ಹುಚ್ಚಿ. ಆದ್ರೆ ಅವತ್ತು ನಿನ್ನ ಹಲ್ಲು ಉದುರ್ತು, ಚಿಲಕ ಅಲ್ಲಾಡ್ಲಿಲ್ಲ ಕಣೇ.”

ಕಿಟಕಿ ದಾಟಿ ಹೊರಗಿಳಿದಳು. ನಾನು ಹಗ್ಗವನ್ನು ಬಿಗಿಯಾಗಿ ಹಿಡಿದೆ. ಅವಳು ತೊಳೆದು ಒಳಗೆ ಬಂದು ಹಗ್ಗ ಬಿಚ್ಚಿಕೊಳ್ಳುವಷ್ಟರಲ್ಲಿ, ನಾನೇ ಸ್ಕ್ರೂಡ್ರೈವರ್ ತೆಗೆದುಕೊಂಡು ಹೋಗಿ ಪಕ್ಕದ ಕೋಣೆಯ ಕಿಟಕಿಯ ಚಿಲಕ ಬಿಚ್ಚಿಟ್ಟೆ.