ಹೆಸರಿನ ಕೆಳಗಿನ ಸಾಲು

ಕವಿತ ಮೊದಲ ಸಲ ಶೋಭಾರಾಣಿಯನ್ನು ಕಂಡದ್ದು ಮಳವಳ್ಳಿಯಲ್ಲಿ, ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯ ಫ್ಲೆಕ್ಸ್ ಅಂಗಡಿಯಲ್ಲಿ. ಅವಳ ಎಂ.ಕಾಂ. ಫಲಿತಾಂಶ ಬಂದ ವಾರವದು. ಬೆಳಕವಾಡಿಯ ಅವರ ಬೀದಿಯಲ್ಲಿ ಅಷ್ಟು ಓದಿದವರು ಯಾರೂ ಇರಲಿಲ್ಲ. ಊರ ಬಾಗಿಲಲ್ಲಿ ಬೋರ್ಡು ಕಟ್ಟಿಸಲೇಬೇಕೆಂದು ಚಿಕ್ಕಪ್ಪ ಮರಿಸಿದ್ದಯ್ಯ ಹಟ ಹಿಡಿದು, ಅವಳನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬಂದಿದ್ದ.

ಅಂಗಡಿಯೊಳಗೆ ಇಂಕಿನ ವಾಸನೆ ಗಂಟಲಿಗೆ ಹಿಡಿಯುವಷ್ಟಿತ್ತು. ಮೂಲೆಯಲ್ಲಿ ಯಂತ್ರವೊಂದು ಅತ್ತಿಂದಿತ್ತ ಓಡಾಡುತ್ತ ಯಾರದೋ ಗೃಹಪ್ರವೇಶದ ಬೋರ್ಡನ್ನು ಬೆರಳಗಲ ಬೆರಳಗಲವಾಗಿ ಹೊರಗೆ ತಳ್ಳುತ್ತಿತ್ತು. ಕಂಪ್ಯೂಟರಿನ ಮುಂದೆ ಮಾಸಲು ಹಸಿರು ಚೂಡಿದಾರದ ಹೆಂಗಸು ಕೂತಿದ್ದಳು. ವೇಲನ್ನು ಸೊಂಟಕ್ಕೆ ಬಿಗಿದಿದ್ದಳು. ಕುರ್ಚಿಯ ಕೆಳಗೆ ಅವಳ ಬಲಗಾಲು ಹೊಲಿಗೆ ಯಂತ್ರ ತುಳಿಯುವವರ ಕಾಲಿನ ಹಾಗೆ ಕುಣಿಯುತ್ತಲೇ ಇತ್ತು. ಬಂದವರ ಕಡೆ ತಿರುಗದೆಯೇ ಕೇಳಿದಳು:

"ಏನ್ ಬೋರ್ಡು? ಮದ್ವೆನಾ, ತಿಥಿನಾ?"

"ಪಾಸಾಗಿರದು ಕಣವ್ವ," ಎಂದ ಮರಿಸಿದ್ದಯ್ಯ. "ಎಂಕಾಮು. ನಮ್ಮಣ್ಣನ ಮಗ್ಳು."

ಆಗ ತಿರುಗಿದಳು. ಫೋಟೊ ತೆಗೆದುಕೊಂಡು ಪರದೆಯ ಮೇಲಿಟ್ಟು, ಕೆನ್ನೆಯ ಮೊಡವೆಯೊಂದನ್ನು ಕೇಳದೆಯೇ ಅಳಿಸಿದಳು. "ಕೆಳಗೇನ್ ಬರೀಲಿ?"

"ಹೆಸರು ಸಾಕು," ಎಂದಳು ಕವಿತ, ನಾಚಿಕೊಂಡು.

"ಮಕ, ಎಸ್ರು ಎರಡೇ ಹಾಕುದ್ರೆ ಸತ್ತೋಗವ್ಳೆ ಅನ್ಕತರೆ ಕಣಮ್ಮಿ. ಕೆಳಗೊಂದು ಸಾಲು ಬೇಕೇ ಬೇಕು."

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಕವಿತ ಬಾಯಿ ತೆರೆಯುವಷ್ಟರಲ್ಲಿ ಪರದೆಯ ಮೇಲೆ 'ಬೆಳಕವಾಡಿಯ ಹೆಮ್ಮೆಯ ಪುತ್ರಿ' ಎಂದು ಮೂಡಿತ್ತು. ತೀರ ಕೆಳಗೆ, 'ಶುಭ ಕೋರುವವರು: ಹಿತೈಷಿಗಳು' ಎಂದು.

"ಹಿತೈಷಿಗಳು ಅಂದ್ರೆ ಯಾರು?"

"ನಿಮ್ ಚಿಕ್ಕಪ್ಪನೆಯ. ಬೋರ್ಡು ಯಾರಾರ ಮಾಡಿಸ್ಲಿ, ಒಗಳೋರು ಮಾತ್ರ ಹಿತೈಷಿಗಳೇ ಆಗ್ಬೇಕು. ಎಷ್ಟೋ ಜನ ತಮ್ ಬೋರ್ಡ್‌ನ ತಾವೇ ಮಾಡಿಸ್ಕತರೆ. ಕೆಳಗೆ ಹಿತೈಷಿಗಳು ಅಂತ ಇದ್ಬುಟ್ರೆ, ತನ್ನ ತಾನೇ ಒಗಳ್ಕಂಡ ಅಂತ ಯಾರೂ ಆಡ್ಕಳಂಗಿಲ್ಲ."

ಆಮೇಲೆ ಕವಿತಳಿಗೆ ಮದ್ದೂರಿನ ಕೈಗಾರಿಕಾ ಪ್ರದೇಶದ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿತು. ಬೆಲ್ಲದ ಪುಡಿ, ರಾಗಿ ಹಿಟ್ಟು ಪ್ಯಾಕ್ ಮಾಡಿ ಮಾರುವ ಕಂಪನಿ. ಅವಳದು ಆಫೀಸಿನ ಲೆಕ್ಕಪತ್ರದ ಕೆಲಸ. ದಿನಾ ಮಳವಳ್ಳಿಯಲ್ಲಿ ಬಸ್ಸು ಬದಲಾಯಿಸಬೇಕಿತ್ತು. ಬಸ್ಸು ತಡವಾದ ದಿನ ಆ ಅಂಗಡಿಯ ಸ್ಟೂಲಿನ ಮೇಲೆ ಕೂತು ಕಾಯುತ್ತಿದ್ದಳು. ಹಾಗೆ ಕಾಯುತ್ತ ಕಾಯುತ್ತಲೇ ಶೋಭಾರಾಣಿ ಅವಳಿಗೆ ಶೋಭಕ್ಕ ಆದಳು.

ಶೋಭಾರಾಣಿ ಮಂಡ್ಯ ಹತ್ತಿರದ ಕೊತ್ತತ್ತಿಯವಳು. ಪಿಯುಸಿ ಮುಗಿಸಿ, ಮುಂದೆ ಓದಿಸುವವರಿಲ್ಲದೆ ಮಂಡ್ಯದ ಡಿಟಿಪಿ ಅಂಗಡಿಯಲ್ಲಿ ಅರ್ಜಿ ಟೈಪು ಮಾಡುತ್ತಿದ್ದಳು. ಗೂಡ್ಸ್ ಆಟೊ ಓಡಿಸುವ ಸಿದ್ದರಾಮುವನ್ನು ಮದುವೆಯಾಗಿ ಮಳವಳ್ಳಿಗೆ ಬಂದ ಮೇಲೆ ರಘುನಂದನ್ ಎಂಬುವರ ಈ ಅಂಗಡಿ ಸೇರಿದಳು. ತಾಲ್ಲೂಕಿನ ಅರ್ಧ ಜನಕ್ಕೆ ಬಿರುದು ಕೊಟ್ಟವಳು ಅವಳೇ. ಯುವ ಮುಖಂಡರು, ಸಮಾಜ ಸೇವಕರು, ಬಡವರ ಬಂಧುಗಳು, ಎಲ್ಲರೂ ಅವಳ ಕೀಬೋರ್ಡಿನಿಂದ ಹುಟ್ಟಿದವರು. ಅವಳನ್ನು ಮಾತ್ರ ಜನ ಇನ್ನೂ 'ಫ್ಲೆಕ್ಸ್ ಅಂಗ್ಡಿ ಹುಡ್ಗಿ' ಅನ್ನುತ್ತಿದ್ದರು, ಮಗಳು ಹೈಸ್ಕೂಲು ಮೆಟ್ಟಿಲು ಹತ್ತಿದ್ದರೂ.

ಹೋದ ವರ್ಷ ರಘುನಂದನ್ ಯಂತ್ರವನ್ನು ಮಾರಿ ಅಂಗಡಿ ಮುಚ್ಚುವುದಾಗಿ ಹೇಳಿಬಿಟ್ಟರು. ತಿಂಗಳ ಕೊನೆಯವರೆಗೆ ಗಡುವು. ಊರಿನಲ್ಲಿದ್ದ ಇನ್ನೊಂದು ಫ್ಲೆಕ್ಸ್ ಅಂಗಡಿಗೆ ಆಳು ಬೇಕಿರಲಿಲ್ಲ. ಶೋಭಾರಾಣಿಗೆ ಬರುತ್ತಿದ್ದುದು ಅದೊಂದೇ ಕೆಲಸ. ಅದೇ ಹೊತ್ತಿಗೆ ಕವಿತಳ ಕಂಪನಿಯಲ್ಲಿ ಪ್ಯಾಕೆಟ್ಟಿನ ಚಿತ್ರ, ಬರಹ ಮಾಡುವವರೊಬ್ಬರು ಬೇಕೆಂಬ ಸುದ್ದಿ ಎದ್ದಿತು. ಕವಿತ ತಡೆಯಲಾರದೆ ಮ್ಯಾನೇಜರ್ ಶಶಿಧರ್ ಅವರ ಮುಂದೆ ಹೋಗಿ ಶೋಭಕ್ಕನ ಹೆಸರು ಹೇಳಿದಳು.

"ಲಿಂಕ್ಡ್‌ಇನ್‌ನಲ್ಲಿ ಇದ್ದಾರಾ ಅವರು? ಪ್ರೊಫೈಲ್ ಕಳಿಸಿ, ನೋಡ್ತೀನಿ," ಎಂದರು ಅವರು.

ಕೆಲಸ ಹುಡುಕುವವರು ತಮ್ಮ ಪರಿಚಯ ಹಾಕಿಕೊಳ್ಳುವ ಆ ಜಾಲತಾಣದಲ್ಲಿ ಶೋಭಾರಾಣಿಯ ಪ್ರೊಫೈಲ್ ಇರಲಿಲ್ಲ. ಅಂದೇ ಸಂಜೆ ಅಂಗಡಿಯಲ್ಲಿ ಕೂತು ಮಾಡಿದರು. ಫೋಟೊ ಆಯಿತು, ಊರು ಆಯಿತು, ಓದು ಆಯಿತು. ಹೆಸರಿನ ಕೆಳಗೆ ಒಂದು ಸಾಲು ಕೇಳಿತು, ನೀವು ಯಾರು ಎಂದು ಹೇಳುವ ಸಾಲು. ಶೋಭಾರಾಣಿಯ ಬೆರಳು ನಿಂತಿತು. ಕಾಲು ಕುಣಿಯತೊಡಗಿತು.

ಮಾರನೆಯ ದಿನ ಬೆಳಗ್ಗೆ ಕವಿತ ಬಸ್ಸಿನಲ್ಲಿ ಫೋನ್ ತೆರೆದು ನೋಡಿದರೆ 'ಡಿಸೈನರ್' ಎಂದಿತ್ತು. ಮದ್ದೂರು ತಲುಪುವಷ್ಟರಲ್ಲಿ 'ಸೃಜನಶೀಲ ಕಲಾವಿದೆ' ಆಗಿತ್ತು. ಊಟದ ಹೊತ್ತಿಗೆ ಬರೀ ಒಂದು ಚುಕ್ಕೆ. ಸಂಜೆ ಶೋಭಕ್ಕನ ಮನೆಗೇ ಹೋಗಿ ವಿಚಾರಿಸಿದಳು. ಶೋಭಾರಾಣಿ ಒಲೆಯ ಮುಂದೆ ನಿಂತೇ ಫೋನನ್ನು ಮತ್ತೆ ಮತ್ತೆ ತೆಗೆದು ನೋಡುತ್ತಿದ್ದಳು. ಸಾರು ಉಕ್ಕಿ ಒಲೆಗೆ ಸುರಿಯಿತು. ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ಚಿಕ್ಕಲಕ್ಷ್ಮಮ್ಮ ಕೂಗಿ ಹೇಳಿದಳು:

"ನೋಡವ್ವ ಕವಿತ, ಊರೋರ್ಗೆಲ್ಲ ಪೇಟ ಕಟ್ಟೋಳು ಇವ್ಳು. ತನ್ನ ತಲೆಗೊಂದು ಟವಲ್ಲೂ ಸಿಕ್ತಿಲ್ವಂತೆ!"

"ನೀನ್ ಸುಮ್ಕಿರತ್ತೆ," ಎಂದಳು ಶೋಭಾರಾಣಿ. ಆಮೇಲೆ ಕವಿತಳ ಕಡೆ ತಿರುಗಿ ಮೆಲ್ಲಗೆ, "ನನ್ ಸಾಲ್ನ ನಾನೇ ಬರ್ಕಂಡ್ರೆ ನಂಗೇ ನಂಬ್ಕೆ ಬರಾಕಿಲ್ಲ ಕಣಮ್ಮಿ. ಸಮಾಜ ಸೇವಕ ಅಂತ ಎಷ್ಟ್ ಜನಕ್ಕೆ ಬರ್ದಿವ್ನಿ! ಅದ್ರಲ್ಲಿ ಒಬ್ನಾರ ಮೋರಿ ಮೇಲಿನ ಕಲ್ಲು ಎತ್ತವ್ನಾ? ಆ ಕೈಲೇ ನಂಗೇನ್ ಬರ್ಕಳ್ಳಿ? ನೀನೇ ಬರಿ. ನೀನು ಓದಿರೋಳು."

ಕವಿತಳಿಗೂ ಸಮಾಧಾನ ಇರಲಿಲ್ಲ. ಹೆಸರು ಸೂಚಿಸಿದವಳು ತಾನು, ತನ್ನ ಕೆಲಸವೇ ಇನ್ನೂ ಕಾಯಂ ಆಗಿರಲಿಲ್ಲ. ಅವರಿವರ ಪ್ರೊಫೈಲುಗಳನ್ನು ತಿರುವಿ ತಿರುವಿ, ಚೆನ್ನಾಗಿ ಕಂಡದ್ದನ್ನೆಲ್ಲ ಆಯ್ದು ಇಂಗ್ಲಿಷಿನಲ್ಲಿ ಬರೆದಳು: ಸೀನಿಯರ್ ಗ್ರಾಫಿಕ್ ಡಿಸೈನರ್, ಬ್ರ್ಯಾಂಡ್ ಸ್ಪೆಷಲಿಸ್ಟ್, ಕ್ರಿಯೇಟಿವ್ ಲೀಡರ್.

"ಲೀಡರಾ? ಯಾರ್ಗೆ?"

"ಎಲ್ರೂ ಹಂಗೇ ಹಾಕ್ತಾರೆ ಶೋಭಕ್ಕ. ಇದನ್ನ ಮಾತ್ರ ಮುಟ್ಬೇಡ."

ಆ ಸಾಲು ನೋಡಿಯೇ ಶಶಿಧರ್ ಸಂದರ್ಶನಕ್ಕೆ ಕರೆದರು. ಶೋಭಾರಾಣಿ ಮದುವೆಗೆ ಹೊರಟವಳ ಹಾಗೆ ಸೀರೆ ಉಟ್ಟು ಮದ್ದೂರಿಗೆ ಬಂದಳು. ಪರಿಚಯ ಮಾಡಿಕೊಡಲು ಕವಿತಳೂ ಒಳಗೆ ಹೋದಳು.

"ಬ್ರ್ಯಾಂಡ್ ಸ್ಪೆಷಲಿಸ್ಟ್ ಅಂತ ಇದೆ," ಎಂದರು ಶಶಿಧರ್, ಪರದೆಯಿಂದ ಕಣ್ಣೆತ್ತದೆ. "ಯಾವ್ಯಾವ ಬ್ರ್ಯಾಂಡಿಗೆ ಕೆಲಸ ಮಾಡಿದ್ದೀರಿ?"

ಮೇಜಿನ ಕೆಳಗೆ ಕಾಲು ಕುಣಿಯಿತು. ಮೇಜಿನ ಮೇಲಿದ್ದ ನೀರಿನ ಲೋಟವೂ ಅಲುಗಾಡಿತು.

"ಅದು ನಾನ್ ಬರ್ದಿದ್ದಲ್ಲ ಸಾರ್," ಎಂದಳು ಶೋಭಾರಾಣಿ. "ಹಿತೈಷಿಗಳು ಬರ್ದಿದ್ದು."

"ಯಾರು?"

ಶೋಭಾರಾಣಿ ಕವಿತಳ ಕಡೆ ನೋಡಿದಳು. ಕವಿತಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. "ನಾನೇ ಸರ್," ಎಂದಳು.

ಶಶಿಧರ್ ನಗಲೂ ಇಲ್ಲ, ಬೈಯಲೂ ಇಲ್ಲ. ಲ್ಯಾಪ್‌ಟಾಪ್ ಮುಚ್ಚಿದರು. "ಹಾಗಾದ್ರೆ ಇಷ್ಟು ಹೊತ್ತು ನಾನು ಯಾರನ್ನ ಮಾತಾಡಿಸ್ತಿದ್ದೀನಿ ಅಂತ ನನಗೇ ಗೊತ್ತಿಲ್ಲ. ನೀವು ಏನು ಮಾಡ್ತೀರೋ ಅದನ್ನ ನೀವೇ ಬರೀರಿ. ಸೋಮವಾರ ನೋಡಿ ಹೇಳ್ತೀನಿ."

ವಾಪಸು ಬರುವ ಬಸ್ಸಿನಲ್ಲಿ ಕವಿತ ಕಿಟಕಿಯ ಕಡೆಗೇ ಮುಖ ಮಾಡಿಕೊಂಡಿದ್ದಳು. ಕಬ್ಬಿನ ಟ್ರ್ಯಾಕ್ಟರೊಂದರ ಹಿಂದೆ ಸಿಕ್ಕಿಕೊಂಡು ಬಸ್ಸು ತೆವಳತೊಡಗಿದಾಗ ಅವಳಿಗೆ ತಡೆಯಲಾಗಲಿಲ್ಲ.

"ನನ್ ಮರ್ಯಾದೆ ತೆಗೆದುಬಿಟ್ಟೆ ಅಕ್ಕ."

"ಊಂ ಕಣಮ್ಮಿ, ತೆಗದೆ. ಆದ್ರೆ ಒಂದು ಬ್ರ್ಯಾಂಡ್ ಎಸ್ರು ಸುಳ್ ಯೋಳುದ್ರೆ ಇನ್ನೊಂದ್ ಕೇಳೋರು. ಅದ್ಕೆ ಎಲ್ಲಿಂದ ತರ್ಲಿ?"

ಆ ಮೂರು ಬಿರುದುಗಳನ್ನು ಬರೆಯುವಾಗ ಶೋಭಕ್ಕನ ಕೆಲಸ ಒಂದು ಕ್ಷಣವೂ ತನ್ನ ಕಣ್ಣ ಮುಂದೆ ಬಂದಿರಲಿಲ್ಲ ಎಂಬುದು ಈಗ ಕವಿತಳಿಗೆ ಹೊಳೆಯಿತು. ಕಿಟಕಿಯಿಂದ ಈ ಕಡೆ ತಿರುಗಿ ಕೇಳಿದಳು:

"ಸರಿ, ಈ ವಾರ ಏನೇನ್ ಮಾಡಿದೆ, ಹೇಳು."

"ಏನದೆ ಮಣ್ಣು? ಎರಡು ಉಟ್ಟಿದಬ್ಬದ ಬೋರ್ಡು. ಒಂದು ನಾಮಕರಣ. ನಮ್ ಇಟ್ಟಿನ ಮಿಲ್ನೋರು ರಾಗಿ ಇಟ್ಟಿನ ಕವರಿಗೆ ಅಂಟಿಸಾಕೆ ಒಂದು ಚೀಟಿ ಕೇಳಿದ್ರು, ಕನ್ನಡ ಇಂಗ್ಲಿಷ್ ಎರಡೂ."

"ಅದು ಪ್ಯಾಕೆಟ್ ಕೆಲಸನೇ ಅಲ್ವಾ?"

"ಒಂದೇ ಒಂದು ಮಾಡಿರದು. ಅದ್ನೂ ದೊಡ್ಡದಾಗಿ ಯೋಳ್ಕಂಡ್ರೆ ನಗ್ತರೆ."

"ದೊಡ್ಡದಾಗಿ ಬೇಡ. ಇದ್ದ ಹಾಗೆ ಬರಿ."

ಬಸ್ಸು ಮಳವಳ್ಳಿ ಸೇರುವವರೆಗೂ ಶೋಭಾರಾಣಿ ಬರೆದಳು, ಅಳಿಸಿದಳು, ಮತ್ತೆ ಬರೆದಳು. ಇಳಿಯುವ ಮುಂಚೆ ಫೋನನ್ನು ಕವಿತಳ ಮುಂದೆ ಹಿಡಿದಳು: 'ಫ್ಲೆಕ್ಸ್ ಡಿಸೈನರ್, ಮಳವಳ್ಳಿ. ಕನ್ನಡ, ಇಂಗ್ಲಿಷ್ ಎರಡರಲ್ಲೂ ಬರಹ ಜೋಡಿಸುತ್ತೇನೆ. ಪ್ಯಾಕೆಟ್ ಕೆಲಸಕ್ಕೆ ಹೊಸಬಳು.'

"ಕೊನೇ ಮಾತು ತೆಗಿ ಶೋಭಕ್ಕ. ಹೊಸಬಳು ಅಂದ್ರೆ ಯಾರು ಕರೀತಾರೆ?"

"ತೆಗೆದ್ರೆ ಮತ್ತೆ ಕೇಳ್ತರೆ, ಎಷ್ಟು ಮಾಡಿದ್ದೀಯ ಅಂತ. ಬುಡು." ಕವಿತ ಕೈ ಚಾಚುವ ಮೊದಲೇ 'ಸೇವ್' ಒತ್ತಿಬಿಟ್ಟಳು.

ಭಾನುವಾರ ಪೂರ್ತಿ ಇಬ್ಬರೂ ಬೇರೆ ಬೇರೆ ಊರಿನಲ್ಲಿ ಕೂತು ಅದೇ ಸಾಲನ್ನು ನೋಡಿದರು. ಕವಿತ ತನ್ನ ಕೆಲಸಕ್ಕೂ ಏನಾಗುವುದೋ ಎಂದು ಅನ್ನ ಸೇರದೆ ತಿರುಗಾಡಿದಳು. ಸಾಲು ಮಾತ್ರ ಬದಲಾಗಲಿಲ್ಲ.

ಸೋಮವಾರ ಶಶಿಧರ್ ಅವಳನ್ನು ಕರೆದರು. "ಈ ಕೆಲಸ ಅವರಿಗೆ ಕೊಡಕ್ಕಾಗಲ್ಲ. ಪ್ಯಾಕೇಜಿಂಗ್ ಅನುಭವ ಇರೋರು ಮೈಸೂರಿನಿಂದ ಒಬ್ರು ಸಿಕ್ಕಿದ್ದಾರೆ." ಕವಿತ ತಲೆ ಆಡಿಸಿ ಹೊರಡಲು ತಿರುಗಿದಳು. "ನಿಲ್ಲಿ. ನಮ್ಮ ಕವರ್ ಪ್ರಿಂಟ್ ಮಾಡೋ ಮಂಡ್ಯದ ಪ್ರೆಸ್ಸಿನವರು, ಕನ್ನಡ ಚೆನ್ನಾಗಿ ಗೊತ್ತಿರೋರು ಯಾರಾದ್ರೂ ಇದ್ರೆ ಹೇಳಿ, ಕೆಲಸ ನಾವು ಕಲಿಸ್ತೀವಿ ಅಂತಿದ್ರು. ನಿಮ್ಮಕ್ಕನ ಪ್ರೊಫೈಲ್ ಅವರಿಗೆ ಕಳಿಸಿದ್ದೀನಿ. ಮೊದಲಿನ ಸಾಲೇ ಇದ್ದಿದ್ರೆ ಯಾರಿಗೂ ಕಳಿಸ್ತಿರಲಿಲ್ಲ. ಇವತ್ತು ಫೋನ್ ಮಾಡ್ತಾರೆ, ಎತ್ತಕ್ಕೆ ಹೇಳಿ."

ಕವಿತ ಮೆಟ್ಟಿಲ ಮೇಲೇ ನಿಂತು ಫೋನ್ ಹಚ್ಚಿದಳು. ಇಲ್ಲಿನ ಕೆಲಸ ಸಿಗಲಿಲ್ಲ ಎಂಬುದನ್ನು ಹೇಗೆ ಶುರು ಮಾಡುವುದೆಂದು ತಡವರಿಸುತ್ತಿರುವಾಗಲೇ ಆ ಕಡೆಯಿಂದ ಉಸಿರು ಕಟ್ಟಿದ ದನಿ ಬಂತು:

"ಕವಿತ, ಮಂಡ್ಯದಿಂದ ಯಾರೋ ಫೋನ್ ಮಾಡಿದ್ರು ಕಣೆ. ನಾಳಿಕ್ ಬನ್ನಿ ಅಂದ್ರು. ಮಂಡ್ಯಕ್ ಮೊದಲ್ನೆ ಬಸ್ಸು ಎಷ್ಟೊತ್ತಿಗೆ?"

ಶೋಭಾರಾಣಿ ಈಗ ಮಂಡ್ಯದ ಆ ಪ್ರೆಸ್ಸಿನಲ್ಲಿ ಬೆಲ್ಲದ ಪುಡಿ, ಹಿಟ್ಟು, ಸಾಂಬಾರ ಪುಡಿಯ ಕವರುಗಳ ಮೇಲಿನ ಕನ್ನಡ ಮತ್ತು ಇಂಗ್ಲಿಷ್ ಬರಹ ಜೋಡಿಸುವ ಕೆಲಸ ಮಾಡುತ್ತಾಳೆ.