ನಡುಗೋಡೆಯ ಬಾಡಿಗೆದಾರರು

ಪಕ್ಕದ ಮನೆಯ ಹಿರಿಯಾಕೆ ಕಾಕೂ ಅವರ ಬಲ ಅಂಗೈಯ ಸುಣ್ಣದ ಬಿಳುಪು ಅಳಿದದ್ದನ್ನು ನಾನು ಕಂಡದ್ದಿಲ್ಲ. ಬೆಳಗ್ಗೆ ಬಸದಿಯಿಂದ ಹಿಂದಿರುಗಿದೊಡನೆ, ನಮ್ಮೆರಡು ಮನೆಗಳ ನಡುಗೋಡೆಯನ್ನು ಹಸುವಿನ ಬೆನ್ನೆಂಬಂತೆ ಒಮ್ಮೆ ಸವರಿ ಒಳಹೋಗುವುದು ಅವರ ರೂಢಿ. ನಿಪ್ಪಾಣಿಯ ಹಳೆಯ ಓಣಿಯಲ್ಲಿ ಮನೆಗಳು ಒಂದರ ಭುಜಕ್ಕೊಂದು ಆತು ನಿಂತಿವೆ. ನಡುಗೋಡೆ ಕುಸಿದರೆ ಎರಡು ಸಂಸಾರಗಳು ಬೀದಿಗೆ ಬಂದಂತೆ.

ಆ ಗೋಡೆ ಮಹಡಿಯಿಂದ ಬುಡದವರೆಗೆ ಬಿರುಕುಬಿಟ್ಟಿತ್ತು. ಹಳೆಯ ಕಟ್ಟಡಗಳ ದುರಸ್ತಿಗೆ ನೆರವು ನೀಡುವ ಸರ್ಕಾರದ ಯೋಜನೆಗೆ, ದೈವಕೃಪೆಯಿಂದ, ನಮ್ಮಿಬ್ಬರ ಮನೆಗಳೂ ಆಯ್ಕೆಯಾದವು. ಗೋಡೆ ಇಬ್ಬರದಾದ್ದರಿಂದ ಇಬ್ಬರ ಒಪ್ಪಿಗೆಯೂ ಬೇಕಿತ್ತು. ನಾನು ಒಪ್ಪಿದೆ. ಕಾಕೂ ಗೋಡೆಯಲ್ಲಿ ತೊಲೆಯ ಪಕ್ಕದ ತೂತನ್ನು ತೋರಿಸಿ, "ನಮ್ಮ ಬಾಡಿಗಿ ಮಂದೀನ ಕೇಳೇ ಇಲ್ಲಲ್ರಿ?" ಎಂದರು. ಒಳಗೆ ಗುಬ್ಬಿಮರಿಗಳು ಚಿಲಿಪಿಲಿಗುಟ್ಟುತ್ತಿದ್ದವು.

ನಗರಸಭೆಯಿಂದ ಬಂದಿದ್ದ ಎಂಜಿನಿಯರು, "ಈ ವಾರ ಕೆಲಸ ಸುರು ಆಗಲಿಲ್ಲಂದ್ರ ನೆರವು ಬ್ಯಾರೆಯವರಿಗೆ ಹೋಗತೈತ್ರಿ, ಆಯಿ" ಎಂದರು.

ನಾನೂ ತಾಳ್ಮೆಗೆಟ್ಟು ಕೇಳಿದೆ: "ಮಳೀಗೆ ಗ್ವಾಡೀನೇ ಬಿದ್ರ ಮರಿ ಉಳೀತಾವೇನ್ರಿ, ಕಾಕೂ?"

"ಬೀಳೂದು ನಮ್ಮ ಕೈಯಾಗಿಲ್ರಿ ಸರ. ತೂತು ಮುಚ್ಚೂದು ನಮ್ಮ ಕೈಯಾಗ ಐತಿ."

ಅನಂತರ ದಾರಿಯನ್ನೂ ಅವರೇ ತೋರಿದರು. "ನಮ್ಮ ದೇವರ ಖೋಲಿ ಕಡಿಂದ ಸುರು ಮಾಡ್ರಿ. ಗೂಡಿನ ಕಡೆ ಆಮ್ಯಾಲ ಬರ್ರಿ." ಮಡಿಯಿಲ್ಲದೆ ತಾವೂ ಕಾಲಿಡದ ಕೋಣೆಯದು.

"ದೇವರನ್ನ ಎಲ್ಲಿ ಇಡತೀರಿ?" ಎಂದು ಎಂಜಿನಿಯರು ಬೆರಗಾದರು.

"ಈ ಸರ ಮನ್ಯಾಗ. ನಮ್ಮ ದೇವರು ಏನೂ ಬೇಡೂದಿಲ್ಲ, ಅವರಿಗೇನು ತ್ರಾಸ ಇಲ್ಲ."

ಹೀಗೆ ಅವರ ಜಿನಬಿಂಬವು ನನ್ನ ವಿಠ್ಠಲನ ಪಕ್ಕದಲ್ಲಿ ವಿರಾಜಿಸಿತು. ಒಡೆದ ಗೋಡೆಯ ಸಂದಿನಿಂದಲೇ ಕಾಕೂ ಮುಂಜಾನೆ ಬಂದು ಕೈಮುಗಿದು ಕುಳಿತಿರುತ್ತಿದ್ದರು. ಅತ್ತ ನನ್ನ ಆರತಿ, ಇತ್ತ ಅವರ ಜಪ. ಅಂತಹ ತುಂಬಿದ ಪೂಜೆಯನ್ನು ನನ್ನ ಮನೆ ಅದಕ್ಕೆ ಮುನ್ನ ಕಂಡಿರಲಿಲ್ಲ. ಗೋಡೆ ಕಟ್ಟುವ ಗವಂಡಿಗಳು ಗೂಡಿನ ಬಳಿ ತಲುಪುವ ಹೊತ್ತಿಗೆ ಮರಿಗಳು ಹಾರಿಹೋಗಿದ್ದವು. ಆದರೂ ಕಾಕೂ ಆ ತೂತನ್ನು ಮುಚ್ಚಗೊಡದೆ ಹಾಗೆಯೇ ಉಳಿಸಿದರು. "ತಿರುಗಿ ಬಂದ್ರ ಎಲ್ಲಿಗೆ ಹೋಗಬೇಕ್ರಿ ಅವು?"

ಕಳೆದ ಚಾತುರ್ಮಾಸದಲ್ಲಿ ಕಾಕೂ ಣಮೋಕಾರ ಮಂತ್ರವನ್ನು ಆಲಿಸುತ್ತ ಶಾಂತರಾಗಿ ಕಣ್ಮುಚ್ಚಿದರು. ಮೊನ್ನೆ ಮನೆಗೆ ಬಣ್ಣ ಬಳಿಸುತ್ತಿದ್ದ ಅವರ ಮಗ ಸಿಮೆಂಟಿನ ಬುಟ್ಟಿ ಹಿಡಿದು ಕೇಳಿದ: "ಸರ, ಈ ತೂತು ಮುಚ್ಚಿಬಿಡ್ಲೇನ್ರಿ?"

"ಬಾಡಿಗಿ ಮಂದೀನ ಒಂದು ಮಾತು ಕೇಳಪಾ," ಎಂದೆ.

ಆತ ನಕ್ಕು ಬುಟ್ಟಿಯನ್ನು ಕೆಳಗಿಳಿಸಿದ. ನನ್ನ ಅಂಗೈ, ನನಗರಿವಿಲ್ಲದೆಯೇ, ಗೋಡೆಯನ್ನು ಸವರುತ್ತಿತ್ತು.