ಭೋಜ ಶೆಟ್ಟರು ಕೊಟ್ಟ ವೀಳ್ಯ

ಕುಂದಾಪುರದ ಹೊಳೆಬದಿಯಲ್ಲಿದ್ದ ಆ ಹಂಚಿನ ಕಾರ್ಖಾನೆ ಈಗಿಲ್ಲ. ಅದರ ಗೇಟಿನ ಎರಡು ಕಲ್ಲುಕಂಬಗಳು ಮಾತ್ರ ಉಳಿದಿವೆ. ನಾನು ಶಾಲೆಗೆ ಹೋಗುವ ದಾರಿ ಆ ಗೇಟಿನ ಮುಂದೆಯೇ ಇದ್ದುದರಿಂದ ಅಲ್ಲಿನ ಮೇಸ್ತ್ರಿ ಭೋಜ ಶೆಟ್ಟರನ್ನು ದಿನವೂ ಕಾಣುತ್ತಿದ್ದೆ. ದಪ್ಪ ಮೀಸೆ, ಮೆದು ಮಾತು. ಎದುರು ನಿಂತವರಿಗೆ ‘ಇಲ್ಲ’ ಎನ್ನಲು ಬಾರದ ಮನುಷ್ಯ. ಈ ಗುಣವನ್ನು ಊರೆಲ್ಲ ಹೊಗಳುತ್ತಿತ್ತು. ಅವರು ತಲೆ ತಗ್ಗಿಸಬೇಕಾದದ್ದೂ ಇದೇ ಗುಣದಿಂದ.

ಕೆಲಸಕ್ಕೆ ಜನ ಗೊತ್ತುಮಾಡುವುದು ಶೆಟ್ಟರ ಹೊಣೆ. ಮಳೆಗಾಲದಲ್ಲಿ ಹಸಿ ಹಂಚು ಒಣಗುವುದಿಲ್ಲ, ಮಣ್ಣಿನ ದೋಣಿಗಳೂ ಬರುವುದಿಲ್ಲ. ಆಗ ಹೆಚ್ಚಿನ ಆಳುಗಳು ಮನೆಯಲ್ಲೇ ಇರುತ್ತಿದ್ದರು. ನವರಾತ್ರಿ ಕಳೆದ ಮೇಲೆ ಕೆಲಸ ಪುನಃ ಶುರು. ಅದಕ್ಕೆ ಮೊದಲೇ, ಸೋಣೆ ತಿಂಗಳಲ್ಲಿ, ಶೆಟ್ಟರು ಮನೆಮನೆಗೆ ಹೋಗಿ ಎಲೆ ಅಡಿಕೆ ಕೊಟ್ಟು ಬರುತ್ತಿದ್ದರು. ಅದೇ ವೀಳ್ಯ. ಎಲೆಯನ್ನು ಅಲ್ಲೇ ಮೆಲ್ಲುವುದು. ಅಡಿಕೆಯನ್ನು ಸೆರಗಿನಲ್ಲೋ ಸೊಂಟದಲ್ಲೋ ಗಂಟು ಹಾಕಿ ಇಟ್ಟುಕೊಂಡು, ಕೆಲಸದ ಮೊದಲ ದಿನ ಮಧ್ಯಾಹ್ನ ಎಲ್ಲರೂ ಒಟ್ಟಿಗೆ ಕೂತು ತಿನ್ನುವುದು. ಹೀಗೆ ರೂಢಿ. ವೀಳ್ಯ ತೆಗೆದುಕೊಂಡವರು ಮುಂದಿನ ಮಳೆಯವರೆಗೆ ಬೇರೆಯವರ ಕೆಲಸಕ್ಕೆ ಒಪ್ಪಬಾರದು; ಕೊಟ್ಟವರು ಅವರನ್ನು ಗೇಟಿನಿಂದ ಹಿಂದೆ ಕಳುಹಿಸಬಾರದು.

ಆದರೆ ತೆಗೆದುಕೊಂಡವರೆಲ್ಲ ಬರುತ್ತಿರಲಿಲ್ಲ. ಮಳೆಗಾಲದ ಬೆಳೆಯಾದ ಕಾರ್ತಿಯ ಕೊಯ್ಲು ತಡವಾದರೆ ಗದ್ದೆಗೆ ಹೋಗುವರು. ಹೊಳೆಯಾಚೆಯ ಗಂಗೊಳ್ಳಿಯಲ್ಲಿ ಬಂಗುಡೆ ರಾಶಿ ಬಿದ್ದರೆ ಹೆಂಗಸರು ಮೀನಿಗೆ ಉಪ್ಪು ಹಾಕಲು ಓಡುವರು. ಆಗ ಬೇರೆ ಕಾರ್ಖಾನೆಗಳ ಬಟ್ಟಿ ತಣ್ಣಗೆ ಕೂರುತ್ತಿತ್ತು. ಶೆಟ್ಟರು ಇದಕ್ಕೊಂದು ಉಪಾಯ ಮಾಡಿಕೊಂಡಿದ್ದರು. ಹತ್ತು ಜನ ಬೇಕಾದಲ್ಲಿ ಹದಿನಾಲ್ಕು ಜನರಿಗೆ ವೀಳ್ಯ ಕೊಡುವುದು. ಹೇಗೂ ನಾಲ್ವರು ತಪ್ಪಿಯೇ ತಪ್ಪುತ್ತಾರೆ. ಮಾಲಕರಾದ ಶಾಮರಾಯರು, “ನಮ್ಮ ಭೋಜನಿಗೆ ಮಳಿ, ಮೀನ್, ಮನ್ಷ್ಯ ಮೂರೂ ಗೊತ್ತಿತ್ತ್” ಎಂದು ಪೇಟೆಯಲ್ಲಿ ಹೇಳಿಕೊಂಡು ತಿರುಗುತ್ತಿದ್ದರು. ಯಾರಿಗೂ ಇಲ್ಲ ಎನ್ನಬೇಕಾಗಿಲ್ಲವಲ್ಲ ಎಂದು ಶೆಟ್ಟರಿಗೂ ಈ ಉಪಾಯ ಹಿತವಾಗಿತ್ತು.

ಅರವತ್ತೇಳನೆಯ ಇಸವಿಯಲ್ಲಿ ಅದು ಕೈಕೊಟ್ಟಿತು. ಕೊಯ್ಲು ಬೇಗ ಮುಗಿದುಹೋಯಿತು. ಬಂಗುಡೆ ಬರಲೇ ಇಲ್ಲ. ಕೆಲಸ ಶುರುವಾಗುವ ದಿನ ಬೆಳಿಗ್ಗೆ ವೀಳ್ಯ ಪಡೆದವರೆಲ್ಲರೂ ಬುತ್ತಿ ಹಿಡಿದು ಗೇಟಿನ ಮುಂದೆ ನಿಂತಿದ್ದರು. ಗಂಗೊಳ್ಳಿಯ ಕಡವಿನ ದೋಣಿಯಿಂದ ಇಳಿದವರೂ ನಗುತ್ತ ಬಂದು ಸೇರಿದರು. ಶಾಲೆಗೆ ಹೊರಟಿದ್ದ ನಾನು ಗುಂಪು ಕಂಡು ನಿಂತೆ.

“ಹ್ವಾಯ್ ಶೆಟ್ರೆ, ಇವತ್ತ್ ಎಂತ, ಮದಿಯಾ? ದಿಬ್ಬಣ ಬಂದಾಂಗ್ ಇತ್ತಲೆ!” ಎಂದು ಮಣ್ಣು ಹೊರುವ ಆಳು ಗುಡ್ಡ ಕೂಗಿದ. ಎಲ್ಲರೂ ನಕ್ಕರು. ಶೆಟ್ಟರ ಮುಖ ಮಾತ್ರ ಬಿಳಿಚಿಕೊಂಡಿತ್ತು.

ಆ ಗಳಿಗೆಯಲ್ಲಿ ತಮ್ಮ ಮನಸ್ಸು ಹೇಗೆ ಓಡಿತೆಂಬುದನ್ನು ಅವರೇ ಎಷ್ಟೋ ವರ್ಷಗಳ ಮೇಲೆ ನನಗೆ ಹೇಳಿದ್ದಾರೆ. ತಮ್ಮೂರಿನವರನ್ನು ಕಳುಹಿಸಿದರೆ ಸಂಜೆ ಅವರು ಜಗಲಿಗೆ ಬಂದು ಕೂರುತ್ತಾರೆ. ಕೋಟೇಶ್ವರದವರನ್ನು ಕಳುಹಿಸಿದರೆ ಹೆಂಡತಿಯ ತವರಿಗೆ ಸುದ್ದಿ ಹೋಗುತ್ತದೆ. ಹೊಳೆಯಾಚೆಯವರಾದರೆ ದೋಣಿ ಹತ್ತಿ ಹೋದಲ್ಲಿಗೆ ಮುಗಿಯಿತು. ಅವರ ಮಾತು ನೀರು ದಾಟಿ ಬರುವುದಿಲ್ಲ.

“ಗಂಗೊಳ್ಳಿ ಬದಿಯವ್ರ್ ಹೋಯ್ನಿ. ಈ ಸಲ ನಿಮ್ಮನ್ನ್ ಕರೀಲಿಲ್ಲೆ” ಎಂದರು.

‘ನನ್ನ ಅಂದಾಜು ತಪ್ಪಿತು’ ಎಂದಿದ್ದರೆ ಜನ ನಾಲ್ಕು ಮಾತು ಬೈದು ಸುಮ್ಮನಾಗುತ್ತಿದ್ದರು. ಆ ಮಾತು ಶೆಟ್ಟರ ಬಾಯಿಗೆ ಬರಲಿಲ್ಲ.

ಗುಂಪಿನಿಂದ ಚಿಕ್ಕು ಪೂಜಾರ್ತಿ ಮುಂದೆ ಬಂದಳು. ಹಸಿ ಹಂಚನ್ನು ಒಣಗಲು ಹಾಕುವ ಕೆಲಸದಲ್ಲಿ ಹಲವು ವರ್ಷಗಳಿಂದ ಇದ್ದವಳು. ಗಂಡ ಶೀನ ತೆಂಗಿನ ಮರದಿಂದ ಬಿದ್ದು ಸೊಂಟ ಮುರಿದುಕೊಂಡಿದ್ದ. ಮನೆ ನಡೆಯುತ್ತಿದ್ದದ್ದು ಇವಳ ದುಡಿಮೆಯಿಂದ.

“ಕರೀಲಿಲ್ಯಾ? ಸೋಣೆ ತಿಂಗಳಂಗೆ ನಿಮ್ಮನ್ನ್ ಜಗ್ಲಿ ಮೇಲ್ ಕೂರ್ಸಿ ಬೆಲ್ಲ ನೀರ್ ಕೊಟ್ಟದ್ದ್ ನಾನಲ್ದಾ ಶೆಟ್ರೆ?”

“ಬೆಲ್ಲ ತಿಂದಿಪ್ಪೆ. ವೀಳ್ಯ ಕೊಟ್ಟದ್ದ್ ನೆನ್ಪಿಲ್ಲೆ.”

“ಗೇರ್‌ಬೀಜದ ಕಾರ್ಖಾನೆಯವ್ರ್ ಮನಿ ಬಾಗ್ಲಿಗ್ ಬಂದಿರ್. ಶೆಟ್ರ ವೀಳ್ಯ ತಕಂಡಿದೆ, ಬತ್ತಿಲ್ಲೆ ಅಂದೆ. ಈಗ ಅಲ್ಲ್ ಬೇರೆ ಹೆಂಗ್ಸ್ ಕೂತಾಯ್ತ್. ನಾ ಇನ್ ಎಲ್ಲಿಗ್ ಹೋಯ್ಕ್?”

“ಅದ್ ನಂಗ್ ಗೊತ್ತಿಲ್ಲೆ ಹೆಣೆ. ನಾ ನಿಂಗೆ ವೀಳ್ಯ ಕೊಡ್ಲೇ ಇಲ್ಲೆ.”

ಚಿಕ್ಕು ಸೆರಗಿನ ಗಂಟನ್ನು ನಿಧಾನವಾಗಿ ಬಿಚ್ಚಿದಳು. ಒಣಗಿದ ಅಡಿಕೆಯೊಂದನ್ನು ತೆಗೆದು ಗೇಟಿನ ಕಲ್ಲುಕಂಬದ ಮೇಲೆ ಇಟ್ಟಳು.

“ಹಾಂಗಾರೆ ಇದ್ ಯಾರ್ದೋ ಏನೋ. ಕೊಟ್ಟವ್ರ್ ಹುಡ್ಕಂಡ್ ಬಂದ್ರೆ ಕೊಟ್ಬಿಡಿ” ಎಂದು ಹೇಳಿ ಕಡವಿನ ಕಡೆಗೆ ನಡೆದಳು. ಅವಳೊಡನೆ ಬಂದವರೂ ಒಬ್ಬೊಬ್ಬರಾಗಿ ತಮ್ಮ ಅಡಿಕೆಯನ್ನು ಅದೇ ಕಂಬದ ಮೇಲಿಟ್ಟು ಹಿಂಬಾಲಿಸಿದರು. ಯಾರೂ ಕೂಗಾಡಲಿಲ್ಲ. ಆ ಮಧ್ಯಾಹ್ನ ಕಾರ್ಖಾನೆಯ ಒಳಗೆ ಅಡಿಕೆ ತಿನ್ನುವ ಹೊತ್ತಿಗೆ ಯಾರೂ ಗಂಟು ಬಿಚ್ಚಲಿಲ್ಲವೆಂದು ಗುಡ್ಡ ಹೇಳಿದ.

ಅಲ್ಲಿಂದ ಆ ವರ್ಷವೆಲ್ಲ ಶೆಟ್ಟರು ಆ ಗೇಟಿನಲ್ಲಿ ಕಾಣಿಸಲಿಲ್ಲ. ಮಣ್ಣಿನ ದೋಣಿ ಬರುವ ಹಿಂಬದಿಯ ದಾರಿಯಿಂದ ಹೋಗಿಬರತೊಡಗಿದರು. ಕಂಬದ ಮೇಲಿನ ಅಡಿಕೆಗಳನ್ನು ತೆಗೆಯುವ ಧೈರ್ಯ ಅವರಿಗೂ ಇರಲಿಲ್ಲ, ಬೇರೆಯವರಿಗೂ ಇರಲಿಲ್ಲ. ಹೆಂಡತಿ ರಾಜೀವಿಯಮ್ಮನಿಗೆ ತವರಿನಿಂದಲೇ ಸುದ್ದಿ ತಿಳಿಯಿತು. ನೀರು ದಾಟುವುದಿಲ್ಲ ಎಂದುಕೊಂಡ ಮಾತು ನೀರನ್ನೂ ದಾಟಿತ್ತು, ಕೋಟೇಶ್ವರವನ್ನೂ ಸುತ್ತಿ ಬಂದಿತ್ತು.

“ಕೊಡುವತ್ತಿಗೆ ಕೈ ನಿಮ್ದ್. ಇಲ್ಲೆ ಅಂಬತ್ತಿಗೆ ಬಾಯಿ ಯಾರ್ದ್?” ಎಂದು ಅವರು ಒಂದೇ ಮಾತು ಕೇಳಿದರಂತೆ. ಶೆಟ್ಟರು ಊಟದ ಎಲೆಯ ಮುಂದಿನಿಂದ ಎದ್ದುಹೋದರಂತೆ.

ಎರಡನೆಯ ಬೆಳೆಯ ಸುಗ್ಗಿ ಕೊಯ್ಲು ಬಂತು. ಶೆಟ್ಟರು ಯಾರ ಮುಖ ನೋಡಿ ಉಳಿಸಿಕೊಂಡಿದ್ದರೋ ಆ ಊರಿನವರೇ ಕೆಲಸ ಬಿಟ್ಟು ಗದ್ದೆಗೆ ಇಳಿದರು. ಬಟ್ಟಿ ನಿಲ್ಲುವ ಹಾಗಾಯಿತು. “ಹೊಳಿ ಆಚಿಂದ ಜನ ಕರ್ಕಂಡ್ ಬಪ್ಪುಕಾತಿಲ್ಯಾ ಭೋಜ?” ಎಂದು ಶಾಮರಾಯರು ಕೇಳಿದರು. ಶೆಟ್ಟರು ಎಲೆ ಅಡಿಕೆ ಹಿಡಿದು ದೋಣಿ ಹತ್ತಬೇಕಾಯಿತು.

ಆ ನಡುವೆ ಚಿಕ್ಕು ಕಟ್ಟಿಗೆ ಹೊತ್ತು ಮಾರಿ ದಿನ ನೂಕಿದ್ದಳು. ಅಂಗಳಕ್ಕೆ ಬಂದ ಶೆಟ್ಟರನ್ನು ಕಂಡು ತಲೆಯ ಮೇಲಿನ ಸಿಂಬಿ ಇಳಿಸುತ್ತ, “ಕೂಕಣಿ ಶೆಟ್ರೆ” ಎಂದಳು. ಮೊದಲಿನ ಹಾಗೆಯೇ ಬೆಲ್ಲ ತಂದಳು, ನೀರು ತಂದಳು. ಶೆಟ್ಟರು ಬೆಲ್ಲ ಮುಟ್ಟಲಿಲ್ಲ. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಜೋಡಿಸಿಕೊಂಡು ಬಂದಿದ್ದ ತಪ್ಪೊಪ್ಪಿಗೆಯ ಮಾತೂ ಹೊರಬರಲಿಲ್ಲ. ವೀಳ್ಯವಿದ್ದ ಕೈಯನ್ನು ಮುಂದೆ ಚಾಚಿದರು, ಅಷ್ಟೆ.

“ನಾಳೆಯಿಂದ ಬತ್ತೆ. ಇದ್ ಮಾತ್ರ ಬ್ಯಾಡ” ಎಂದಳು ಚಿಕ್ಕು.

ಮೂಲೆಯಲ್ಲಿ ಕೂತಿದ್ದ ಶೀನ, “ನಂಗಾರೂ ಕೊಡಿ ಶೆಟ್ರೆ. ಎಲಿ ಮುಗ್ದಿತ್ತ್. ನನ್ನನ್ನ್ ಹ್ಯಾಂಗೂ ಯಾರೂ ಕೆಲ್ಸಕ್ಕ್ ಕರೂದಿಲ್ಲೆ” ಎಂದು ನಕ್ಕ.

“ನೀವ್ ಸುಮ್ನಿರಿ” ಎಂದಳು ಚಿಕ್ಕು. ಶೆಟ್ಟರು ಆ ವೀಳ್ಯವನ್ನು ಮುಷ್ಟಿಯಲ್ಲೇ ಹಿಡಿದು ದೋಣಿಗೆ ಮರಳಿದರು.

ಮುಂದಿನ ವರ್ಷದಿಂದ ಅವರು ಬೇಕಾದಷ್ಟೇ ಜನರಿಗೆ ವೀಳ್ಯ ಕೊಟ್ಟರು. ಕೇಳಿ ಬಂದ ಉಳಿದವರಿಗೆ, “ಈ ಸಲ ಜಾಗ ಇಲ್ಲೆ” ಎಂದು ಮುಖಕ್ಕೇ ಹೇಳಲು ಕಲಿತರು. ಆಳು ಕಡಿಮೆಯಾದ ದಿನ ತಾವೇ ಮಣ್ಣಿನ ಹೆಡಿಗೆ ಹೊತ್ತರು. ಮೇಸ್ತ್ರಿ ಹೊರೆ ಹೊತ್ತರೆ ಕಾರ್ಖಾನೆಯ ಮಾನವೇನಾಗಬೇಕು ಎಂದು ಶಾಮರಾಯರು ಗೊಣಗಿದರು. ಶೆಟ್ಟರು ಹೆಡಿಗೆ ಕೆಳಗಿಡಲಿಲ್ಲ.

ಚಿಕ್ಕು ಪ್ರತಿವರ್ಷವೂ ಬಂದಳು, ವೀಳ್ಯವಿಲ್ಲದೆ. ಅವಳ ಜಾಗವನ್ನು ಶೆಟ್ಟರು ತೆಗೆದಿಟ್ಟೇ ಇರುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು. ಆದರೂ ಮೊದಲ ದಿನ ಎಲ್ಲರೂ ಒಳಗೆ ಹೋಗುವ ತನಕ ಕಂಬದ ಬಳಿ ನಿಂತಿದ್ದು, “ಜಾಗ ಇತ್ತಾ ಶೆಟ್ರೆ?” ಎಂದು ಎಲ್ಲರಿಗೂ ಕೇಳುವಂತೆ ಕೇಳುತ್ತಿದ್ದಳು. ಆ ಧ್ವನಿಯಲ್ಲಿ ಕೊಂಕಿರಲಿಲ್ಲ. “ಇತ್ತ್, ಬಾ” ಎನ್ನುವಾಗ ಶೆಟ್ಟರ ದನಿ ಪ್ರತಿಸಲವೂ ಕುಗ್ಗುತ್ತಿದ್ದುದನ್ನು ನಾನು ಕೇಳಿದ್ದೇನೆ.

ಎಪ್ಪತ್ತೊಂದರಲ್ಲಿ ಶೆಟ್ಟರು ಕೆಲಸ ಬಿಡುವುದೆಂದು ನಿಶ್ಚಯವಾಯಿತು. ಉಮಾನಾಥ ಎಂಬವರು ಮುಂದಿನ ಮೇಸ್ತ್ರಿ. ಆ ವರ್ಷದ ಕೆಲಸದ ಮೊದಲ ದಿನವೂ ಚಿಕ್ಕು ಕಂಬದ ಬಳಿ ನಿಂತು ಎಂದಿನಂತೆ ಕೇಳಿದಳು.

“ಇತ್ತ್” ಎಂದ ಶೆಟ್ಟರು ಮೆಲ್ಲನೆ ಸೇರಿಸಿದರು, “ಬಪ್ಪ ವರ್ಷ ನಾ ಇಪ್ಪುದಿಲ್ಲೆ ಹೆಣೆ. ಉಮಾನಾಥ ವೀಳ್ಯ ತಕಂಡ್ ಬತ್ತ. ತಕೊ, ಆಯ್ತಾ?”

“ತಕಂತೆ ಶೆಟ್ರೆ. ಅವ್ರದ್ದ್ ಎಂತಕ್ಕೆ ಬ್ಯಾಡ? ಅವ್ರ್ ಕೊಟ್ಟದ್ದನ್ನ ಕೊಡ್ಲಿಲ್ಲೆ ಅಂದದ್ದಿಲ್ಲೆ ಅಲ್ದಾ” ಎಂದಳು ಚಿಕ್ಕು.

ಶೆಟ್ಟರು ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಅವಳಿಗೆ ದಾರಿ ಬಿಟ್ಟರು.